ಸೊಟ್ಟ ಮನೆ, ಹಸಿರು ಮುಖ: ಮುಂದೆ ನಿಂತು ನೋಡುವುದು ಹೇಗೆ?

ಪ್ರಶ್ನೆ: ನಾನು ಉಡುಪಿಯವಳು, ನಿವೃತ್ತ ಕನ್ನಡ ಟೀಚರ್. ಮಗಳು ಬರ್ಲಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ವರ್ಷ ಹೋಗಿದ್ದಾಗ ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಒಂದು ಕಡೆ ಎಕ್ಸ್‌ಪ್ರೆಷನಿಸ್ಟ್ ಚಿತ್ರಗಳು, ಪಕ್ಕದ ಕತ್ತಲೆ ಕೋಣೆಯಲ್ಲಿ ಹಳೆಯ ಮೂಕಿ ಸಿನಿಮಾ, ಇನ್ನೊಂದು ಕಡೆ ಶಿಲ್ಪಗಳು. ಹಸಿರು ಮುಖ, ಸೊಟ್ಟ ಮನೆ, ಕಡ್ಡಿಯಂಥ ಕೈಕಾಲು. ಮಗಳು ಆಸೆಯಿಂದ ನೋಡುತ್ತಿದ್ದಳು, ನಾನು ಬೆಂಚು ಹುಡುಕಿ ಕೂತೆ. ಇವರಿಗೆ ಸರಿಯಾಗಿ ಬಿಡಿಸಲು ಬರುತ್ತಿರಲಿಲ್ಲವೇ? ಸಿನಿಮಾವನ್ನು ಮ್ಯೂಸಿಯಂನಲ್ಲಿ ಯಾಕೆ ತೋರಿಸುತ್ತಾರೆ? ಮೇ ತಿಂಗಳಲ್ಲಿ ಮತ್ತೆ ಹೋಗುತ್ತಿದ್ದೇನೆ. ಈ ಸಲ ಮಗಳ ಜೊತೆ ನಿಂತು ನೋಡಬೇಕು ಅಂತ ಮನಸ್ಸು.

ಉತ್ತರ:

ಟೀಚರ್, ಮೊದಲ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಅವರಿಗೆ ಬಿಡಿಸಲು ಚೆನ್ನಾಗಿಯೇ ಬರುತ್ತಿತ್ತು. 1905ರಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿ 'ಬ್ರೂಕೆ' ಅಂದರೆ 'ಸೇತುವೆ' ಎಂಬ ಗುಂಪು ಕಟ್ಟಿದ ನಾಲ್ವರು ಹುಡುಗರೂ ಆರ್ಕಿಟೆಕ್ಚರ್ ಓದುತ್ತಿದ್ದವರು. ಕಿರ್ಖ್ನರ್, ಹೆಕೆಲ್, ಶ್ಮಿಟ್-ರೋಟ್ಲುಫ್, ಬ್ಲೈಲ್. ಮನೆಯ ನಕ್ಷೆ ಹಾಕುವುದನ್ನೇ ಕಲಿಯುತ್ತಿದ್ದವರಿಗೆ ನೇರ ಗೋಡೆ ಎಳೆಯಲು ಬರಲಿಲ್ಲ ಅನ್ನುವ ಹಾಗಿಲ್ಲ, ಅಲ್ವಾ? ಗೋಡೆ ಸೊಟ್ಟಗಿರಲಿ ಅಂತ ಅವರು ತೀರ್ಮಾನಿಸಿದ್ದರು. ಬೀದಿ ಹೇಗಿದೆ ಅನ್ನುವುದನ್ನು ಕ್ಯಾಮೆರಾ ತೋರಿಸುತ್ತದೆ. ಆ ಬೀದಿಯಲ್ಲಿ ನಡೆಯುವವನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅನ್ನುವುದನ್ನು ನಾವು ತೋರಿಸುತ್ತೇವೆ ಅಂತ ಹೊರಟವರು ಅವರು. ಈ ಬಗೆಯ ಕಲೆಗೇ ಎಕ್ಸ್‌ಪ್ರೆಷನಿಸಂ ಅನ್ನುವುದು.

ನೀವು ಬೆಂಚು ಹುಡುಕಿ ಕೂತದ್ದಕ್ಕೆ ಬೇಸರ ಬೇಡ. ನಾರ್ವೆಯ ಎಡ್ವರ್ಡ್ ಮುಂಕ್ 1892ರಲ್ಲಿ ಇದೇ ಬರ್ಲಿನ್‌ನಲ್ಲಿ ಚಿತ್ರಗಳನ್ನು ಇಟ್ಟಾಗ ಗಲಾಟೆಯಾಗಿ ಒಂದೇ ವಾರದಲ್ಲಿ ಪ್ರದರ್ಶನ ಮುಚ್ಚಬೇಕಾಯಿತು. ಮುಚ್ಚಲು ಹಠ ಹಿಡಿದವರು ದಾರಿಹೋಕರಲ್ಲ, ಅಲ್ಲಿನ ಕಲಾವಿದರ ಸಂಘದವರೇ. ಮುಂದೆ ಬಂದ ಬ್ರೂಕೆ ಹುಡುಗರಿಗೆ ದಾರಿ ತೋರಿಸಿದವರಲ್ಲಿ ಮುಂಕ್ ಕೂಡ ಒಬ್ಬ.

ಈಗ ನಮ್ಮೂರಿನ ಒಂದು ಮಾತು. ನೀವು ಉಡುಪಿಯವರು, ಯಕ್ಷಗಾನ ನೋಡಿಯೇ ಬೆಳೆದಿರುತ್ತೀರಿ. ತೆಂಕುತಿಟ್ಟಿನ ಬಣ್ಣದ ವೇಷವನ್ನು, ಅಂದರೆ ರಾಕ್ಷಸನ ವೇಷವನ್ನು ನೆನಪಿಸಿಕೊಳ್ಳಿ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ ಇಡುತ್ತಾರೆ. ಮುಳ್ಳುಮುಳ್ಳಾಗಿ ಬಿಳಿ ಸಾಲು, ನಡುವೆ ಕೆಂಪು, ಕಪ್ಪು. ಮೂಗು ಎಲ್ಲಿ, ಕೆನ್ನೆ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಆ ವೇಷ ತೆರೆಯ ಹಿಂದಿನಿಂದ ಅಬ್ಬರಿಸಿ ಬಂದಾಗ 'ಯಾರ ಮುಖವಾದರೂ ಹೀಗಿರುತ್ತದಾ' ಅಂತ ಒಬ್ಬರೂ ಕೇಳುವುದಿಲ್ಲ. ಮಗು ಅಮ್ಮನ ಸೆರಗು ಹಿಡಿದುಕೊಳ್ಳುತ್ತದೆ. ಅಷ್ಟೇ. ಬಣ್ಣ ತನ್ನ ಕೆಲಸ ಮಾಡಿತು.

ಹಾಗಂತ ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಉಂಟು, ನಿಮಗೆ ಕಷ್ಟವಾದದ್ದು ಅದರಿಂದಲೇ. ಯಕ್ಷಗಾನದ ಬಣ್ಣದ ಭಾಷೆ ಊರಿಗೆಲ್ಲ ಗೊತ್ತು. ರಾಕ್ಷಸನಿಗೆ ಹೇಗೆ, ಪುಂಡುವೇಷಕ್ಕೆ ಹೇಗೆ, ಸ್ತ್ರೀವೇಷಕ್ಕೆ ಹೇಗೆ ಅಂತ ಅಜ್ಜಂದಿರ ಕಾಲದಿಂದ ಬಂದ ಕ್ರಮ ಇದೆ. ಬರ್ಲಿನ್‌ನ ಚಿತ್ರಗಾರನಿಗೆ ಅಂಥ ಕ್ರಮ ಇರಲಿಲ್ಲ. ಇದ್ದ ಕ್ರಮವನ್ನು ಬಿಟ್ಟು ಬಂದಿದ್ದ. ಪ್ರತಿಯೊಬ್ಬನೂ ತನ್ನ ಬಣ್ಣದ ಭಾಷೆಯನ್ನು ತಾನೇ ಮಾಡಿಕೊಳ್ಳಬೇಕಿತ್ತು. ಹಾಗಾಗಿ ಪ್ರತಿ ಚಿತ್ರದ ಮುಂದೆಯೂ ನಾವು ಹೊಸದಾಗಿ ಕಲಿಯಬೇಕು. 'ಇದು ಯಾವುದರ ಹಾಗಿದೆ' ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. 'ಇಲ್ಲಿ ಕೈ ಹೇಗೆ ಆಡಿದೆ' ಅಂತ ಕೇಳಿ. ನೀವು ನೋಡಿದ ಮೂರು ಕೋಣೆಗೂ ಈ ಒಂದು ಪ್ರಶ್ನೆ ಸಾಕು.

ಮರದಚ್ಚುಗಳಿಂದ ಶುರು ಮಾಡಿ. ಜನ ದೊಡ್ಡ ಬಣ್ಣದ ಚಿತ್ರಗಳ ಕಡೆ ಓಡುತ್ತಾರೆ, ಕಪ್ಪು ಬಿಳುಪಿನ ಈ ಸಣ್ಣ ಹಾಳೆಗಳನ್ನು ದಾಟಿ ಹೋಗುತ್ತಾರೆ. ನನ್ನ ಮಟ್ಟಿಗೆ ಎಕ್ಸ್‌ಪ್ರೆಷನಿಸಂನ ಜೀವ ಇರುವುದು ಇಲ್ಲೇ. ನಾನು ಮಂಗಳೂರಿನಲ್ಲಿ ಮಕ್ಕಳಿಗೆ ಮರದಚ್ಚು ಕಲಿಸುವಾಗ ಹಲಸಿನ ಹಲಗೆಯ ತುಂಡು ಕೊಡುತ್ತೇನೆ. ಉಳಿ ಮರದ ಎಳೆಯ ದಿಕ್ಕಿನಲ್ಲಿ ಸರಾಗ ಹೋಗುತ್ತದೆ. ಅಡ್ಡಕ್ಕೆ ತಿರುಗಿಸಿದ ಕೂಡಲೇ ಮರ ತಡೆಯುತ್ತದೆ. ಜೋರು ಮಾಡಿದರೆ ಚಕ್ಕೆ ಹಾರಿ ಗೆರೆ ಒರಟಾಗುತ್ತದೆ. ಮಸಿ ಹಚ್ಚಿ ಕಾಗದ ಒತ್ತಿ ತೆಗೆದರೆ ಕೆತ್ತಿದ್ದೆಲ್ಲ ಬಿಳಿ, ಉಳಿದದ್ದೆಲ್ಲ ಕಪ್ಪು. ಮರದ ತಡೆಯೂ ಕಾಗದದ ಮೇಲೆ ಬಂದಿರುತ್ತದೆ. ಮಕ್ಕಳು ದುಂಡು ಮುಖ ಕೆತ್ತಲು ಹೋಗುತ್ತಾರೆ, ಮುಖ ಮೂಲೆಮೂಲೆಯಾಗಿ ಬರುತ್ತದೆ. ಮೊದಲ ದಿನ ಅವರಿಗೆ ಬೇಜಾರು. ಮೂರನೇ ದಿನಕ್ಕೆ ಆ ಮೂಲೆಯನ್ನೇ ಬೇಕೆಂದು ಕೆತ್ತುತ್ತಾರೆ. ಬ್ರೂಕೆ ಗುಂಪಿನವರಿಗೂ ಮರ ಈ ಪಾಠವನ್ನೇ ಕಲಿಸಿತು. ಆಮೇಲೆ ಕ್ಯಾನ್ವಾಸಿನ ಮೇಲೆ ಬ್ರಷ್ ಹಿಡಿದಾಗಲೂ ಅವರ ಕೈ ಉಳಿಯ ಹಾಗೆಯೇ ನಡೆಯಿತು.

ಕೇಥೆ ಕೋಲ್‌ವಿಟ್ಸ್ ಎಂಬ ಹೆಸರು ಬರೆದಿಟ್ಟುಕೊಳ್ಳಿ. ಬರ್ಲಿನ್‌ನಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ. ಅವರು ಬ್ರೂಕೆ ಗುಂಪಿಗೆ ಸೇರಿದವರಲ್ಲ. ಗಂಡ ಬಡವರ ಬಡಾವಣೆಯಲ್ಲಿ ಡಾಕ್ಟರ್. ಕಿರಿಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸತ್ತ. ಯುದ್ಧಕ್ಕೆ ಹೋಗಿ ಕೆಲವೇ ದಿನ ಆಗಿತ್ತು, ವಯಸ್ಸು 18. ಮುಂದೆ ಆ ತಾಯಿ 'ಯುದ್ಧ' ಎಂಬ ಏಳು ಮರದಚ್ಚುಗಳನ್ನು ಮಾಡಿದರು. ಒಂದರಲ್ಲಿ ತಂದೆತಾಯಿ ಮಂಡಿಯೂರಿ ಕೂತಿದ್ದಾರೆ. ತಂದೆ ಮುಖಕ್ಕೆ ಕೈ ಅಡ್ಡ ಹಿಡಿದಿದ್ದಾನೆ. ತಾಯಿ ಅವನೊಳಕ್ಕೇ ಬಗ್ಗಿದ್ದಾಳೆ. ಇಬ್ಬರ ಮೈಗೂ ನಡುವೆ ಗೆರೆಯೇ ಇಲ್ಲ, ಒಂದೇ ಕಪ್ಪು ಮುದ್ದೆ. ಬಿಳಿ ಇರುವುದು ಕೈ, ತಲೆಯ ಆಸುಪಾಸಿನ ಕೆಲವು ಗೀರುಗಳಲ್ಲಿ ಮಾತ್ರ. ಅದರ ಮುಂದೆ ನಿಂತರೆ 'ಸರಿಯಾಗಿ ಬಿಡಿಸಿದ್ದಾರಾ' ಎಂಬ ಪ್ರಶ್ನೆ ಬರುವುದಿಲ್ಲ ಟೀಚರ್. ಆ ಹಾಳೆ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅಂದ ಹಾಗೆ, ಕೋಲ್‌ವಿಟ್ಸ್ ಮತ್ತು ಮುಂಕ್ ಇಬ್ಬರೂ ಕಲ್ಲಚ್ಚಿನಲ್ಲೂ ತುಂಬಾ ಕೆಲಸ ಮಾಡಿದ್ದಾರೆ. ಕಲ್ಲಚ್ಚು ನಮಗೆ ಪರಕೀಯ ಅಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ ಕಲ್ಲಚ್ಚಿನಲ್ಲೇ ಬಂತು. ಜಿಡ್ಡಿನ ಮಸಿಯಲ್ಲಿ ನಯವಾದ ಕಲ್ಲಿನ ಮೇಲೆ ಬರೆದು, ನೀರು ಸವರಿ, ಜಿಡ್ಡಿಗೆ ನೀರು ಹತ್ತದ ಗುಣದಿಂದ ಅಚ್ಚು ತೆಗೆಯುವ ವಿಧಾನ ಅದು. ಬೆರಳಿನ ಒತ್ತಡ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅನ್ನುವುದು ಕೂಡ ಅದರಲ್ಲಿ ಉಳಿಯುತ್ತದೆ.

ಬಣ್ಣದ ಚಿತ್ರಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಕಿರ್ಖ್ನರ್ 1914ರಲ್ಲಿ ಬಿಡಿಸಿದ 'ಪೋಟ್ಸ್‌ಡಾಮರ್ ಪ್ಲಾಟ್ಸ್'. ಬರ್ಲಿನ್‌ನ ಒಂದು ಚೌಕದ ಹೆಸರು ಅದು. ಚಿತ್ರ ಅಲ್ಲಿನ ನೋಯೆ ನಾಷನಲ್‌ಗ್ಯಾಲರಿ ಮ್ಯೂಸಿಯಂನದ್ದು. ಎತ್ತರ ಎರಡು ಮೀಟರ್. ರಸ್ತೆಯ ನಡುವಿನ ದುಂಡು ಕಟ್ಟೆಯ ಮೇಲೆ ಇಬ್ಬರು ಹೆಂಗಸರು, ಒಬ್ಬಳು ವಿಧವೆಯರ ಮುಸುಕು ಹಾಕಿದ್ದಾಳೆ. ರಸ್ತೆ ಹಸಿರು. ಹಿಂದೆ ಗಂಡಸರು ಕತ್ತರಿಯ ಹಾಗೆ ಕಾಲು ಹಾಕಿಕೊಂಡು ನಡೆಯುತ್ತಿದ್ದಾರೆ. ಅಷ್ಟು ಜನ ಇದ್ದರೂ ಒಬ್ಬರ ಕಣ್ಣು ಇನ್ನೊಬ್ಬರ ಕಣ್ಣಿಗೆ ಸಿಗುವುದಿಲ್ಲ. ಆ ಕಟ್ಟೆ ನಮ್ಮ ಕಡೆಗೆ ಜಾರುತ್ತಾ ಇದೆ ಅನ್ನಿಸುತ್ತದೆ. ಮೊದಲು ದೂರದಿಂದ ನೋಡಿ, ಆಮೇಲೆ ಹತ್ತಿರ ಹೋಗಿ ಬ್ರಷ್ಷಿನ ಗೀರು ನೋಡಿ. ಚೂಪಾಗಿ, ಒಂದೇ ದಿಕ್ಕಿಗೆ, ಮರ ಕೆತ್ತಿದ ಹಾಗೆ. ಮಗಳು ದಿನವೂ ರೈಲು ಹಿಡಿಯುವ ಊರು ಅದು. ಅವಳಿಗೆ ಆ ಜನಸಂದಣಿ ಹೇಗೆ ಅನ್ನಿಸುತ್ತದೆ ಅಂತ ಅಲ್ಲೇ ಕೇಳಿ ನೋಡಿ.

ಇನ್ನೊಂದು ವಿಷಯ ನಿಮಗೆ ಖುಷಿ ಕೊಡಬಹುದು. ಈ ಕಿರ್ಖ್ನರ್ ಡ್ರೆಸ್ಡನ್‌ನಲ್ಲಿದ್ದಾಗ ಅಜಂತಾ ಗುಹೆಗಳ ಚಿತ್ರಗಳಿದ್ದ ದೊಡ್ಡ ಪುಸ್ತಕವನ್ನು ನೋಡಿ ಕೂತು ನಕಲು ಮಾಡಿದ್ದ. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಕಾಂಡಿನ್ಸ್ಕಿ, ಕ್ಲೇ ಮೊದಲಾದವರ ಕೃತಿಗಳು ಪ್ರದರ್ಶನಕ್ಕೆ ಬಂದಿದ್ದವು. ಅದೇ ಪ್ರದರ್ಶನದಲ್ಲಿ ಗಗನೇಂದ್ರನಾಥ ಠಾಕೂರರ ಚಿತ್ರಗಳೂ ಇದ್ದವು. ಹೋಗಿಬರುವುದು ನೂರು ವರ್ಷದ ಹಿಂದೆಯೇ ಇತ್ತು.

ಇನ್ನು ಕತ್ತಲೆ ಕೋಣೆ. ನೀವು ನೋಡಿದ್ದು 'ಡಾಕ್ಟರ್ ಕ್ಯಾಲಿಗರಿ' ಇರಬಹುದು ಅಂತ ನನ್ನ ಊಹೆ, ಯಾಕೆಂದರೆ ಇಂಥ ಪ್ರದರ್ಶನಗಳಲ್ಲಿ ಜಾಸ್ತಿ ತೋರಿಸುವುದು ಅದನ್ನೇ. 1920ರಲ್ಲಿ ರಾಬರ್ಟ್ ವೀನೆ ನಿರ್ದೇಶಿಸಿದ್ದು. ಸಿನಿಮಾ ಯಾಕೆ ಮ್ಯೂಸಿಯಂನಲ್ಲಿ ಅಂತ ಕೇಳಿದಿರಿ. ಇದರ ಗೋಡೆ, ಬೀದಿ, ಮಾಡು ಎಲ್ಲವೂ ಬಟ್ಟೆಯ ಮೇಲೆ ಬರೆದ ಚಿತ್ರಗಳು. ವಾರ್ಮ್, ರೈಮನ್, ರೋರಿಗ್ ಎಂಬ ಮೂವರು ಸೇರಿ ಬರೆದದ್ದು. ಮುಖ್ಯವಾಗಿ ನೆರಳು ನೋಡಿ. ದೀಪ ಹಚ್ಚಿ ಬೀಳಿಸಿದ ನೆರಳಲ್ಲ ಅದು, ಬಹಳ ಕಡೆ ಗೋಡೆಗೆ ನೆಲಕ್ಕೆ ಬಣ್ಣದಲ್ಲಿ ಬಳಿದ ನೆರಳು. ನಟ ಆಚೀಚೆ ಹೋದರೂ ನೆರಳು ಕದಲುವುದಿಲ್ಲ. ನಿದ್ದೆಯಲ್ಲಿ ನಡೆಯುವ ಸೆಸಾರೆಯ ಪಾತ್ರದಲ್ಲಿ ಕೊನ್ರಾಡ್ ವೈಟ್ ಗೋಡೆಗೆ ಮೈ ಒತ್ತಿಕೊಂಡು ಸರಿಯುವಾಗ ಮನುಷ್ಯ ಯಾವುದು, ಗೋಡೆಯ ಗೆರೆ ಯಾವುದು ಅಂತ ತಿಳಿಯುವುದಿಲ್ಲ. ಕಿರ್ಖ್ನರನ ಚಿತ್ರ ಎದ್ದು ನಡೆದ ಹಾಗೆ. ಹಾಗಾಗಿ ಪಕ್ಕದ ಕೋಣೆಯಲ್ಲೇ ಅದಕ್ಕೆ ಜಾಗ.

ಆದರೆ ಮೂಕಿ ಚಿತ್ರವನ್ನು ತೋರಿಸುವುದರಲ್ಲಿ ಎರಡು ತಪ್ಪು ಆಗುತ್ತಾ ಇರುತ್ತವೆ. ನಾನೇ ಮಾಡಿದ್ದೇನೆ. ವರ್ಷಗಳ ಹಿಂದೆ ಇಲ್ಲಿನ ಒಂದು ಕಾಲೇಜಿನಲ್ಲಿ ಕ್ಯಾಲಿಗರಿ ತೋರಿಸಿದೆ. ಸಿಕ್ಕಿದ ಪ್ರತಿ ಓಡುವ ವೇಗ ತಪ್ಪಾಗಿತ್ತು, ಸಂಗೀತವೂ ಇರಲಿಲ್ಲ. ಆ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20ರಷ್ಟು ಚೌಕಟ್ಟುಗಳು. ಮಾತಿನ ಚಿತ್ರ ಬಂದ ಮೇಲೆ 24ಕ್ಕೆ ನಿಂತಿತು. ನಿಧಾನದಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಜನ ಕೀಲಿ ಕೊಟ್ಟ ಗೊಂಬೆಗಳಾಗುತ್ತಾರೆ. ಮಕ್ಕಳು ನಕ್ಕರು. ಭಯಪಡಬೇಕಾದ ಕಡೆಯೂ ನಕ್ಕರು. ಅದು ಮಕ್ಕಳ ತಪ್ಪಲ್ಲ. ಆ ಚಿತ್ರಕ್ಕೆ ನಾನು ಅನ್ಯಾಯ ಮಾಡಿದೆ ಅಂತ ಇವತ್ತಿಗೂ ಅನ್ನಿಸುತ್ತದೆ. ಮೂಕಿ ಚಿತ್ರಗಳು ಸಾಮಾನ್ಯವಾಗಿ ಸದ್ದಿಲ್ಲದೆ ಓಡಿದವಲ್ಲ. ಥಿಯೇಟರಿನಲ್ಲಿ ಪಿಯಾನೋ ಇರುತ್ತಿತ್ತು, ದೊಡ್ಡ ಕಡೆ ಪೂರ್ತಿ ವಾದ್ಯಮೇಳವೇ. ಸಂಗೀತ ಇಲ್ಲದ ಮೂಕಿ ಅಂದರೆ ಹಿಮ್ಮೇಳ ಇಲ್ಲದ ಯಕ್ಷಗಾನ. ಚೆಂಡೆ, ಮದ್ದಳೆ, ಭಾಗವತರು ಇಲ್ಲದೆ ಮುಮ್ಮೇಳ ಮಾತ್ರ ಕುಣಿದರೆ ಹೇಗಿರುತ್ತದೆ, ಯೋಚಿಸಿ.

ಬಣ್ಣವೂ ಹಾಗೆಯೇ. 'ಕಪ್ಪು ಬಿಳುಪು' ಅಂತ ನಾವು ಸುಮ್ನೆ ಹೇಳುತ್ತೇವೆ. ಬಹಳಷ್ಟು ಮೂಕಿಗಳ ಫಿಲ್ಮಿಗೆ ಬಣ್ಣ ಅದ್ದುತ್ತಿದ್ದರು. ಮುರ್ನೌ 1922ರಲ್ಲಿ ಮಾಡಿದ 'ನೋಸ್ಫೆರಾಟು' ಚಿತ್ರದ ರಾತ್ರಿಯ ದೃಶ್ಯಗಳನ್ನು ತೆಗೆದದ್ದು ಹಗಲಿನಲ್ಲಿ. ಆ ತುಣುಕುಗಳಿಗೆ ನೀಲಿ ಅದ್ದಿ ರಾತ್ರಿ ಮಾಡಿದರು. ಮುಂದೆ ಬಣ್ಣ ಇಲ್ಲದ ಪ್ರತಿಗಳು ಹರಡಿದವು. ಬಿಸಿಲು ಕಂಡರೆ ಸಾಯುವ ರಕ್ತಪಿಶಾಚಿ ಆ ಪ್ರತಿಗಳಲ್ಲಿ ಹಾಡಹಗಲೇ ಓಡಾಡುತ್ತಾನೆ. ಒಳ್ಳೆಯ ಮ್ಯೂಸಿಯಂ ಸರಿಯಾದ ವೇಗ, ಸರಿಯಾದ ಬಣ್ಣ, ಸಂಗೀತ ಮೂರನ್ನೂ ಹುಡುಕಿ ಜೋಡಿಸುತ್ತದೆ. ಫ್ರಿಟ್ಸ್ ಲಾಂಗ್ ಅವರ 'ಮೆಟ್ರೊಪೊಲಿಸ್' 1927ರದ್ದು. ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಅದನ್ನು ಕತ್ತರಿಸಿದ್ದರು. ಕಳೆದುಹೋದ ಭಾಗದ ಬಹುಪಾಲು 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ ಸಿಕ್ಕಿತು. ಅದನ್ನು ಸೇರಿಸಿದ ಪ್ರತಿ ನೋಡುವಾಗ ಕೆಲವು ದೃಶ್ಯಗಳ ಮೇಲೆ ಗೀರು ತುಂಬಿರುತ್ತದೆ. ಮಳೆ ಬಿದ್ದ ಹಾಗೆ. ಅವೇ ಆ ಸಿಕ್ಕಿದ ತುಣುಕುಗಳು.

ಇದನ್ನು ಬರೆಯುವಾಗ ನನಗೆ ನಮ್ಮವರ ನೆನಪಾಗುತ್ತದೆ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1931ರ 'ವಸಂತಸೇನಾ' ಮೂಕಿ ಚಿತ್ರದಲ್ಲಿ ನಟಿಸಿದ್ದರು. ಕೋಟದ ಶಿವರಾಮ ಕಾರಂತರು 'ಡೊಮಿಂಗೊ' ಎಂಬ ಮೂಕಿ ಮಾಡಿದ್ದರು. ನಮ್ಮ ದೇಶದಲ್ಲಿ ಸಾವಿರಕ್ಕೂ ಜಾಸ್ತಿ ಮೂಕಿಗಳು ಬಂದವು, ಉಳಿದದ್ದು ಬೆರಳೆಣಿಕೆಯಷ್ಟು. ಆಗಿನ ನೈಟ್ರೇಟ್ ಫಿಲ್ಮ್ ಬೆಂಕಿಗೆ ಬಲು ಬೇಗ ತುತ್ತಾಗುತ್ತಿತ್ತು, ಬಿಸಿಲು ಮತ್ತು ತೇವದಲ್ಲಿ ತಾನಾಗಿಯೇ ಕರಗಿ ಪುಡಿಯಾಗುತ್ತಿತ್ತು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಬಹುಪಾಲು ಹೋಗಿಯಾಗಿತ್ತು. ಬರ್ಲಿನ್‌ನ ಆ ಕತ್ತಲೆ ಕೋಣೆಯಲ್ಲಿ ಕೂತಾಗ, ಒಂದು ರೀಲನ್ನು ಉಳಿಸಿ ತೋರಿಸುವುದು ಎಷ್ಟು ದೊಡ್ಡ ಕೆಲಸ ಅಂತ ನನಗೆ ಅನ್ನಿಸಿದ್ದು ಇದರಿಂದಲೇ.

ಚಿತ್ರಗಳ ಕಥೆಯೂ ಅಷ್ಟೇ ನೋವಿನದು. 1937ರಲ್ಲಿ ನಾಜಿಗಳು ಜರ್ಮನಿಯ ಮ್ಯೂಸಿಯಂಗಳಿಂದ ಈ ಕಲೆಯನ್ನೆಲ್ಲ ಕಿತ್ತು ತೆಗೆದರು. ಸುಮಾರು 650 ಕೃತಿಗಳನ್ನು ಮ್ಯೂನಿಕ್‌ನಲ್ಲಿ 'ಕೆಟ್ಟುಹೋದ ಕಲೆ' ಅಂತ ಹೆಸರಿಟ್ಟು, ಇಕ್ಕಟ್ಟಾಗಿ ತೂಗುಹಾಕಿ, ಗೋಡೆಯ ಮೇಲೆ ಬೈಗುಳ ಬರೆದು ಜನಕ್ಕೆ ತೋರಿಸಿದರು. ಕಿರ್ಖ್ನರ್ ಮರುವರ್ಷ ಪ್ರಾಣ ಕಳೆದುಕೊಂಡ. ಹಾಗಾಗಿ ಇವತ್ತು ಒಂದು ಖಾಲಿ ಬಿಳಿ ಗೋಡೆಯ ಮೇಲೆ ಒಂದೇ ಒಂದು ಚಿತ್ರವನ್ನು ಒಳ್ಳೆಯ ಬೆಳಕಿನಲ್ಲಿ ಇಟ್ಟಿದ್ದಾರೆ ಅಂದರೆ ಅದು ಬರೀ ಅಲಂಕಾರ ಅಲ್ಲ. ಕಿತ್ತುಕೊಂಡ ಮರ್ಯಾದೆಯನ್ನು ವಾಪಸು ಕೊಡುತ್ತಿದ್ದಾರೆ.

ಶಿಲ್ಪಗಳಿಗೆ ಬರೋಣ. ಕಡ್ಡಿಯಂಥ ಕೈಕಾಲು ಅಂದಿರಲ್ಲ, ಅದು ವಿಲ್ಹೆಲ್ಮ್ ಲೇಮ್‌ಬ್ರುಕ್ ಅವರದ್ದಿರಬೇಕು. ಯುದ್ಧದ ಕಾಲದಲ್ಲಿ ಬರ್ಲಿನ್‌ನ ಮಿಲಿಟರಿ ಆಸ್ಪತ್ರೆಯಲ್ಲಿ ಗಾಯಾಳುಗಳ ಸೇವೆ ಮಾಡಿದವರು. 1915-16ರಲ್ಲಿ ಮಾಡಿದ 'ಬಿದ್ದವನು' ಶಿಲ್ಪದಲ್ಲಿ ಮನುಷ್ಯ ಮಂಡಿ ಮೊಣಕೈ ಊರಿ, ನೆತ್ತಿಯನ್ನು ನೆಲಕ್ಕೆ ತಾಗಿಸಿದ್ದಾನೆ. ಮೈ ಕಮಾನಿನ ಹಾಗೆ. ಶಿಲ್ಪವನ್ನು ಒಂದೇ ಕಡೆಯಿಂದ ನೋಡಬೇಡಿ. ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವ ಹಾಗೆ ಸುತ್ತು ಬನ್ನಿ, ನಿಧಾನಕ್ಕೆ. ಬೆನ್ನಿನ ಕಡೆ ಬಂದಾಗ ಆ ಉದ್ದ ಯಾಕೆ ಬೇಕಿತ್ತು ಅಂತ ಕಾಣುತ್ತದೆ.

ಆಧುನಿಕ ಶಿಲ್ಪ ಅಂದರೆ ನಮಗೆ ಸಂಬಂಧ ಇಲ್ಲದ್ದು ಅಂತ ಅಂದುಕೊಳ್ಳಬೇಡಿ. ರಾಮಕಿಂಕರ್ ಬೈಜ್ ಶಾಂತಿನಿಕೇತನದಲ್ಲಿ 1938ರಲ್ಲಿ 'ಸಂತಾಲ ಕುಟುಂಬ' ಮಾಡಿದರು. ಯಾವುದರಲ್ಲಿ ಗೊತ್ತಾ? ಮುರಕಲ್ಲಿನ ಹರಳಿನಲ್ಲಿ. ನಮ್ಮ ಬಾವಿ ತೋಡುವಾಗ, ಕಂಪೌಂಡ್ ಕಟ್ಟುವಾಗ ಕಾಣುವ ಅದೇ ಕೆಂಪು ಕಲ್ಲಿನ ಜಾತಿ. ಅದರ ಹರಳನ್ನು ಸಿಮೆಂಟಿನಲ್ಲಿ ಕಲಸಿ, ಕಬ್ಬಿಣದ ಚೌಕಟ್ಟಿನ ಮೇಲೆ ಎರಚಿ ಎರಚಿ ಮೈ ಕಟ್ಟಿದರು. ಗಂಡ, ಹೆಂಡತಿ, ಮಕ್ಕಳು, ಜೊತೆಗೆ ನಾಯಿ, ಕಾವಡಿಯ ಬುಟ್ಟಿಯಲ್ಲಿ ಸಂಸಾರ. ಮೇಲ್ಮೈ ತರಿತರಿ. ನಯ ಮಾಡಲೇ ಇಲ್ಲ. ಬಯಲಲ್ಲೇ ನಿಂತಿದೆ. ಉಳಿಯ ಗೀರು, ಬಳಿದ ನೆರಳು, ಎರಚಿದ ಹರಳು. ಕೈ ಆಡಿದ ಗುರುತನ್ನು ಅಳಿಸದೆ ಬಿಡುವುದು ಮೂರು ಕಡೆಯೂ ಒಂದೇ.

ಹೊರಡುವ ಮೊದಲು ಇಲ್ಲೇ ಎರಡು ಕೆಲಸ ಮಾಡಿ. ಮಂಗಳೂರಿಗೆ ಬಂದಾಗ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅದರ ಗೋಡೆ, ಮಾಡು ತುಂಬ ಚಿತ್ರ ಬರೆದರು. ಮೈಯ ಅಳತೆ, ಬಟ್ಟೆಯ ಮಡಿಕೆ, ದೂರ ಹತ್ತಿರ ಎಲ್ಲ ಕರಾರುವಾಕ್ಕು. ಬರೆದ ಕಂಬ ನಿಜವಾದ ಕಂಬದ ಹಾಗೆ ಕಾಣುತ್ತದೆ. ಆ ಕೆಲಸ ಮುಗಿದು ನಾಲ್ಕೇ ವರ್ಷಕ್ಕೆ ಡ್ರೆಸ್ಡನ್‌ನ ಹುಡುಗರು ಬೇರೆ ದಾರಿ ಹಿಡಿದರು. ಅವರು ಏನನ್ನು ಬಿಟ್ಟುಹೋದರು ಅಂತ ಚಾಪೆಲ್ಲಿನಲ್ಲಿ ನಿಂತರೆ ಸ್ಪಷ್ಟ ಕಾಣುತ್ತದೆ. ನಾನು ಎರಡನ್ನೂ ಪ್ರೀತಿಸುತ್ತೇನೆ. ಒಂದನ್ನು ಮೆಚ್ಚಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಎರಡನೆಯದು, ಒಂದು ಸಂಜೆ ಮನೆಯಲ್ಲಿ ಕ್ಯಾಲಿಗರಿ ನೋಡಿ. ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಒಂದೂಕಾಲು ಗಂಟೆಯ ಚಿತ್ರ. ಬಣ್ಣ ಮತ್ತು ಸಂಗೀತ ಇರುವ, 2014ರಲ್ಲಿ ಸರಿಪಡಿಸಿದ ಪ್ರತಿಯನ್ನೇ ಹುಡುಕಿ. ಫೋನಿನಲ್ಲಿ ಬೇಡ, ಟಿವಿಗೆ ಹಾಕಿ. ದೀಪ ಆರಿಸಿ.

ಅಲ್ಲಿಗೆ ಹೋದ ಮೇಲೆ ಇಡೀ ಮ್ಯೂಸಿಯಂ ಮುಗಿಸುವ ಹಠ ಬೇಡ. ಡಾಲೆಮ್ ಕಡೆಯ ಬ್ರೂಕೆ ಮ್ಯೂಸಿಯಂ ಸಣ್ಣದು, ಸುತ್ತ ಮರಗಳಿವೆ, ಕಾಲು ನೋಯುವುದಿಲ್ಲ. ಮೂರು ಕೃತಿ ಆರಿಸಿ, ಒಂದೊಂದರ ಮುಂದೆ ಹತ್ತು ನಿಮಿಷ. ಮರದಚ್ಚಿನ ಕೋಣೆ ಮಬ್ಬಾಗಿರುತ್ತದೆ, ಜಾಸ್ತಿ ಬೆಳಕು ಬಿದ್ದರೆ ಕಾಗದ ಹಾಳಾಗುತ್ತದೆ ಅಂತ ಹಾಗೆ ಇಡುತ್ತಾರೆ. ಒಂದೆರಡು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಪುಟ್ಟ ಪುಸ್ತಕ, ಪೆನ್ಸಿಲ್ ಇಟ್ಟುಕೊಳ್ಳಿ. ಪೆನ್ನು ಬೇಡ, ಬಹಳ ಕಡೆ ಒಳಗೆ ಬಿಡುವುದಿಲ್ಲ. ಕಂಡ ಒಂದು ಗೆರೆಯನ್ನು ನಕಲು ಮಾಡಿ. ಚೆನ್ನಾಗಿ ಬರಬೇಕಾಗಿಲ್ಲ. ಕೈ ಹೋದ ದಾರಿಯಲ್ಲಿ ನಿಮ್ಮ ಕೈಯೂ ಹೋದರೆ ಸಾಕು.

ಕೊನೆಗೆ ಉಂಟರ್ ಡೆನ್ ಲಿಂಡೆನ್ ರಸ್ತೆಯ ನೋಯೆ ವಾಖೆ ಎಂಬ ಸ್ಮಾರಕಕ್ಕೆ ಹೋಗಿ. ಟಿಕೆಟ್ ಇಲ್ಲ. ಒಳಗೆ ಖಾಲಿ ಕೋಣೆ, ನಡುವೆ ಒಂದೇ ಶಿಲ್ಪ. ಸತ್ತ ಮಗನನ್ನು ಮೊಣಕಾಲುಗಳ ನಡುವೆ ಮಡಿಲಿಗೆ ಒತ್ತಿಕೊಂಡ ತಾಯಿ. ಕೋಲ್‌ವಿಟ್ಸ್ ಮಾಡಿದ ಸಣ್ಣ ಶಿಲ್ಪವನ್ನು ದೊಡ್ಡದು ಮಾಡಿ 1993ರಲ್ಲಿ ಅಲ್ಲಿ ಇಟ್ಟಿದ್ದಾರೆ. ಮಾಡಿನ ನಡುವೆ ದುಂಡಗಿನ ತೂತು ಇದೆ, ಅದಕ್ಕೆ ಗಾಜಿಲ್ಲ. ಮಳೆ ಬಂದರೆ ನೇರ ಆ ತಾಯಿಯ ಮೇಲೆ ಬೀಳುತ್ತದೆ, ಚಳಿಗಾಲದಲ್ಲಿ ಹಿಮ. ಮೇ ತಿಂಗಳಲ್ಲಿ ಅಲ್ಲಿ ಒಮ್ಮೊಮ್ಮೆ ಮಳೆ ಬರುತ್ತದೆ. ಬಂದ ದಿನವೇ ಮಗಳನ್ನು ಕರೆದುಕೊಂಡು ಹೋಗಿ. ಕೊಡೆ ಮಡಚಿ ಒಳಗೆ ಬಂದು, ಗೋಡೆಯ ಹತ್ತಿರ ಇಬ್ಬರೂ ನಿಲ್ಲಿ. ವಾಪಸು ಬಂದ ಮೇಲೆ ಏನು ಕಂಡಿತು ಅಂತ ನನಗೆ ಬರೆಯಿರಿ.